ಊಟದ ಡಬ್ಬಿ ಹಿಡಿದ ಹಾಡುಗಾರ

ಕೇಳುಗರಿಗೆ ನಮಸ್ಕಾರ. ಹಾಡು ಬರೆದು ಹಾಡುವವರು ಬೆಳೆಯುವುದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಎಂದು ನಿಲಯದವರು ಕರೆದಿದ್ದಾರೆ. ನನ್ನ ಹತ್ತಿರ ಹೇಳುವುದಕ್ಕೆ ಇರುವುದು ಒಂದೇ ಮಾತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ರೇಡಿಯೋ ಆಫ್ ಮಾಡಿದರೂ ಬೇಜಾರಿಲ್ಲ. ಕೆಲಸ ಬಿಡಬೇಡಿ.

ಯಾರಿಗೆ ಹೇಳುತ್ತಿದ್ದೇನೆ ಅಂದರೆ, ಪೀಜಿ ರೂಮಿನಲ್ಲಿ ಮಂಚದ ಮೇಲೆ ಗಿಟಾರ್ ಮಲಗಿಸಿ ತಾನು ನೆಲದ ಮೇಲೆ ಮಲಗುವ ಹುಡುಗನಿಗೆ. ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಹಾಡಿನ ಸಾಲು ಗೀಚುವ ಹುಡುಗಿಗೆ. ನಾನು 22 ವರ್ಷ ಹಗಲು ಲೆಕ್ಕಪತ್ರ ಬರೆದು ಸಂಜೆ ಗಿಟಾರ್ ಕಲಿಸಿದವನು. ತಿಂಗಳಿಗೊಬ್ಬರಾದರೂ ಬರುತ್ತಾರೆ, "ಸಾರ್, ರಾಜೀನಾಮೆ ಕೊಟ್ಟು ಬಂದೆ, ಇನ್ನು ಪೂರ್ತಿ ಸಂಗೀತ" ಅಂತ. ನಾಲ್ಕು ಹಾಡು ಬರೆದಿರುತ್ತಾರೆ, ಅದರಲ್ಲಿ ಎರಡಕ್ಕೆ ಚರಣವೇ ಇರುವುದಿಲ್ಲ. ಏನು ಹೇಳಲಿ? ಕಾಫಿ ಕುಡಿಸಿ ಬಿಲ್ ವಿದರ್ಸ್ ಕಥೆ ಹೇಳುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ.

ಬಿಲ್ ವಿದರ್ಸ್ ಅಮೆರಿಕದವರು, ತಾವೇ ಹಾಡು ಬರೆದು ಹಾಡಿದವರು. ಹುಟ್ಟಿದ್ದು 1938ರಲ್ಲಿ, ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಲ್ಲಿ. ಆರು ಮಕ್ಕಳಲ್ಲಿ ಕೊನೆಯವರು. 13 ವರ್ಷಕ್ಕೆ ತಂದೆ ಹೋದರು. ಮೇಲಿಂದ ಉಗ್ಗು. ಬಾಯಿ ತೆರೆದರೆ ಮಾತು ಹೊರಗೆ ಬರುತ್ತಿರಲಿಲ್ಲ, ಇನ್ನು ಹಾಡುವುದೆಲ್ಲಿ ಬಂತು? ಹದಿಹರೆಯದಲ್ಲೇ ನೌಕಾಪಡೆ ಸೇರಿದರು, 9 ವರ್ಷ ಅಲ್ಲೇ ದುಡಿದರು. ಹೊರಗೆ ಬಂದು ಮನೆಮನೆಗೆ ಹಾಲು ಹಾಕಿದರು. ಆಮೇಲೆ ಕಾರ್ಖಾನೆ.

ಆ ಕಾಲದಲ್ಲಿ ಒಂದು ರಾತ್ರಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಒಂದು ಕ್ಲಬ್ಬಿಗೆ ಹೋಗಿದ್ದರಂತೆ. ಅವತ್ತು ಲೂ ರಾಲ್ಸ್ ಹಾಡಬೇಕಿತ್ತು, ದೊಡ್ಡ ಗಾಯಕ, ಇನ್ನೂ ಬಂದಿಲ್ಲ. ಮ್ಯಾನೇಜರ್ ಬಾಗಿಲಲ್ಲಿ ಶತಪಥ ಹಾಕುತ್ತಾ, ವಾರಕ್ಕೆ 2,000 ಡಾಲರ್ ಕೊಟ್ಟರೂ ಈ ಮನುಷ್ಯ ಹೊತ್ತಿಗೆ ಸರಿಯಾಗಿ ಬರಲ್ಲ ಅಂತ ಗೊಣಗುತ್ತಿದ್ದ. ನಮ್ಮ ಬಿಲ್‌ಗೆ ಆಗ ಗಂಟೆಗೆ 3 ಡಾಲರ್ ಕೂಲಿ. ಅಷ್ಟರಲ್ಲಿ ರಾಲ್ಸ್ ಬಂದ, ಅಲ್ಲಿದ್ದ ಹೆಂಗಸರೆಲ್ಲ ಅವನ ಸುತ್ತ! ಬಿಲ್ ನೆಟ್ಟಗೆ ಹೋಗಿ ಗಿರವಿ ಅಂಗಡಿಯಲ್ಲಿ ಒಂದು ಅಗ್ಗದ ಗಿಟಾರ್ ಕೊಂಡರು, ತಾವೇ ಕಲಿತರು. ಸರಸ್ವತಿ ಕನಸಲ್ಲಿ ಬಂದು ಹಾಡು ಅಂದಳು ಅಂತ ಕಥೆ ಕಟ್ಟಬಹುದಿತ್ತು, ಕಟ್ಟಲಿಲ್ಲ. ಇದನ್ನು ಸಂದರ್ಶನಗಳಲ್ಲಿ ಅವರೇ ನಗುನಗುತ್ತಾ ಹೇಳಿದ್ದಾರೆ, ಅದಕ್ಕೇ ನನಗೆ ಆ ಮನುಷ್ಯ ಇಷ್ಟ.

1967ರಲ್ಲಿ ಲಾಸ್ ಏಂಜಲೀಸ್‌ಗೆ ಬಂದರು. ಅಲ್ಲೂ ಮೊದಲು ಹುಡುಕಿದ್ದು ಕೆಲಸ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆ. ಯಾವ ಭಾಗ ಅಂದರೆ, ಬೋಯಿಂಗ್ 747ರ ಟಾಯ್ಲೆಟ್. ಹೌದು, ಸರಿಯಾಗೇ ಕೇಳಿಸಿತು. ಹಗಲು ಟಾಯ್ಲೆಟ್ ಜೋಡಿಸುವುದು, ರಾತ್ರಿ ಹಾಡು ಬರೆಯುವುದು, ಕೂಲಿಯಲ್ಲಿ ಉಳಿದ ದುಡ್ಡಿನಲ್ಲಿ ಡೆಮೊ ಟೇಪ್, ಅಂದರೆ ಮಾದರಿ ಹಾಡುಗಳ ಟೇಪ್, ಮಾಡಿಸಿ ರೆಕಾರ್ಡ್ ಕಂಪನಿಗಳಿಗೆ ಹಂಚುವುದು. ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ಸಸೆಕ್ಸ್ ಎಂಬ ಸಣ್ಣ ಕಂಪನಿಯ ಕ್ಲಾರೆನ್ಸ್ ಏವಂಟ್ ಒಪ್ಪಿದರು, ರೆಕಾರ್ಡಿಂಗ್ ಜವಾಬ್ದಾರಿಯನ್ನು ಆಗಲೇ ಹೆಸರು ಮಾಡಿದ್ದ ಸಂಗೀತಗಾರ ಬುಕರ್ ಟಿ. ಜೋನ್ಸ್‌ಗೆ ವಹಿಸಿದರು.

ಈಗ ಹೇಳುವ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ರೆಕಾರ್ಡಿಂಗ್ ದಿನ. ಬಿಲ್ ಕಾರ್ಖಾನೆಯಿಂದ ಸೀದಾ ಸ್ಟುಡಿಯೋಗೆ ಬಂದರು. ಲಟಾರಿ ಕಾರು, ಕಾಲಲ್ಲಿ ದುಡಿಮೆಯ ಹಳೇ ಬೂಟು, ಕೈಯಲ್ಲಿ ತುಂಬ ಹಾಡು ಬರೆದ ನೋಟ್‌ಬುಕ್ಕು. ಒಳಗೆ ನೋಡಿದರೆ ಘಟಾನುಘಟಿಗಳು. ಗಿಟಾರ್ ಹಿಡಿದು ಸ್ಟೀಫನ್ ಸ್ಟಿಲ್ಸ್ ಕೂತಿದ್ದಾರೆ, ಬೇಸ್ ಗಿಟಾರ್‌ಗೆ ಡಕ್ ಡನ್, ಡ್ರಮ್ಸ್‌ಗೆ ಆಲ್ ಜಾಕ್ಸನ್. ಬಿಲ್ ಮೆತ್ತಗೆ ಬುಕರ್ ಅವರನ್ನು ಪಕ್ಕಕ್ಕೆ ಕರೆದು ಕೇಳಿದರು: ಅಲ್ಲಾ, ಈ ಹಾಡುಗಳನ್ನೆಲ್ಲ ಯಾರು ಹಾಡ್ತಾರೆ?

ಬುಕರ್ ಹೇಳಿದರು: ನೀನೇ ಕಣಯ್ಯಾ.

ಬೇರೆ ಯಾರೋ ಗಾಯಕ ಬರುತ್ತಾನೆ ಅಂದುಕೊಂಡಿದ್ದರು ಪುಣ್ಯಾತ್ಮ! ವಯಸ್ಸು 32 ದಾಟಿತ್ತು. ಎದುರಿಗೆ ಗ್ರಹಾಂ ನ್ಯಾಶ್ ಎಂಬ ಹೆಸರಾಂತ ಗಾಯಕ ಕೂತು, ನೀನು ಎಷ್ಟು ಚೆನ್ನಾಗಿ ಹಾಡ್ತೀಯ ಅಂತ ನಿನಗೇ ಗೊತ್ತಿಲ್ಲ ಅಂತ ಧೈರ್ಯ ಹೇಳಿದರು.

ಅದರಲ್ಲೊಂದು ಹಾಡು 'ಏಂಟ್ ನೋ ಸನ್‌ಶೈನ್'. ಎರಡು ನಿಮಿಷ ಚಿಲ್ಲರೆ ಅಷ್ಟೇ. ಮಧ್ಯೆ ಒಂದು ಕಡೆ ಮಾತು ಇನ್ನೂ ಬರೆದಿರಲಿಲ್ಲ, ಆಮೇಲೆ ಬರೆದರಾಯಿತು ಅಂತ ಸದ್ಯಕ್ಕೆ "ಐ ನೋ, ಐ ನೋ" ಅಂತ ಒಂದೇ ಸಮ ಹಾಡಿಕೊಂಡು ಹೋದರು. ಮುಗಿದ ಮೇಲೆ, ಇಲ್ಲಿ ಸಾಲು ಬರೆದು ತುಂಬಿಸ್ತೀನಿ ಅಂದರು. ಕೂತಿದ್ದ ಹಿರಿಯರೆಲ್ಲ, ಬೇಡ, ಮುಟ್ಟಬೇಡ, ಹಾಗೇ ಇರಲಿ ಅಂದರು. ಬಿಲ್ ವಾದ ಮಾಡಲಿಲ್ಲ. ತಾನು ಕಾರ್ಖಾನೆಯವನು, ತಿಳಿದವರು ಹೇಳುತ್ತಿದ್ದಾರೆ, ಬಿಟ್ಟುಬಿಟ್ಟರು. ಆ "ಐ ನೋ" ಈಗ ಪ್ರಪಂಚಕ್ಕೆಲ್ಲ ಗೊತ್ತು. ನನ್ನ ಶಿಷ್ಯನೊಬ್ಬ ಕಳೆದ ವಾರ ಒಂದು ಶಬ್ದ ಬದಲಿಸು ಅಂದದ್ದಕ್ಕೆ ಮೂರು ದಿನ ಮುಖ ಊದಿಸಿಕೊಂಡಿದ್ದ. ಅವನು ಕೇಳುತ್ತಿದ್ದರೆ ಕೇಳಲಿ.

ಮೂರು ಸರದಿಯಲ್ಲಿ ರೆಕಾರ್ಡಿಂಗ್ ಆಯಿತು. ಕಂಪನಿ ಹತ್ತಿರ ದುಡ್ಡಿಲ್ಲದೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ 6 ತಿಂಗಳು ಸುಮ್ನೆ ಕೂತಿತು. ನೀವೇ ಲೆಕ್ಕ ಹಾಕಿ. ಕೆಲಸ ಬಿಟ್ಟು ಬಂದಿದ್ದರೆ ಆ 6 ತಿಂಗಳು ಏನು ತಿನ್ನಬೇಕಿತ್ತು? ಯಾರ ಮುಂದೆ ಕೈ ಚಾಚಬೇಕಿತ್ತು? ಬಾಡಿಗೆ ಕಟ್ಟಬೇಕಾದ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹಾಡಬೇಕಾಗುತ್ತೆ, ಯಾರೋ ಕೊಟ್ಟ ಜಾಹೀರಾತಿಗೂ ರಾಗ ಹಾಕಬೇಕಾಗುತ್ತೆ. ಸಂಬಳ ಬರುವವನು ಬೇಡ ಅನ್ನಬಹುದು. ಕೆಲಸ ಬಿಡಬೇಡಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

1971ರಲ್ಲಿ ಬಂದ ಆ ಮೊದಲ ಆಲ್ಬಮ್ಮಿನ ಮುಖಪುಟ ಒಮ್ಮೆ ನೋಡಿ, ಮೊಬೈಲ್ ನಿಮ್ಮ ಕೈಯಲ್ಲೇ ಇದೆಯಲ್ಲ. ಇಟ್ಟಿಗೆ ಗೋಡೆ. ಅದಕ್ಕೆ ಒರಗಿ ನಿಂತ ಮನುಷ್ಯ, ಮುಖದಲ್ಲಿ ಸಣ್ಣ ನಗು. ಕೈಯಲ್ಲಿ ಗಿಟಾರ್ ಇಲ್ಲ, ಊಟದ ಡಬ್ಬಿ ಇದೆ. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ತೆಗೆದ ಫೋಟೋ ಅದು. ಹಾಡುಗಾರನ ಮೊದಲ ಆಲ್ಬಮ್ಮು, ನಾವಾಗಿದ್ದರೆ ಜರತಾರಿ ಜುಬ್ಬಾ ಬಾಡಿಗೆಗೆ ತರುತ್ತಿದ್ದೆವು, ಅಲ್ವಾ?

ತಮಾಷೆ ಕೇಳಿ. ರೇಡಿಯೋದವರಿಗೆ ಅಂತ ಕಂಪನಿ ಮುಂದೆ ಮಾಡಿದ್ದು 'ಹಾರ್ಲೆಮ್' ಎಂಬ ಬೇರೆ ಹಾಡನ್ನು. 'ಏಂಟ್ ನೋ ಸನ್‌ಶೈನ್' ಇದ್ದದ್ದು ಗ್ರಾಮಫೋನ್ ತಟ್ಟೆಯ ಹಿಂಬದಿಗೆ. ರೇಡಿಯೋದವರೇ ತಟ್ಟೆ ಮಗುಚಿ ಹಾಕಿದರು! ನಮ್ಮ ನಿಲಯದವರು ಇದನ್ನು ಕೇಳಿ ಖುಷಿಪಡಲಿ. ಹಾಡು ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು, ಗ್ರ್ಯಾಮಿ ಪ್ರಶಸ್ತಿ ಬಂತು. ಲಕ್ಷಗಟ್ಟಲೆ ಮಾರಾಟವಾದಾಗ ಕಂಪನಿಯವರು ಕೊಟ್ಟ ಉಡುಗೊರೆ ಒಂದು ಬಂಗಾರ ಬಣ್ಣದ ಟಾಯ್ಲೆಟ್ ಸೀಟು.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷವಂತೆ. ಅಭ್ಯಾಸ, ಉಸಿರು, ಮೈಕಿನ ಮುಂದೆ ನಿಲ್ಲುವುದು ಅಂತ ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಅವೆಲ್ಲ ಹೋದವು. ಅವಸರದಲ್ಲಿ ಹೇಳಿಬಿಡುತ್ತೇನೆ. 1972ರಲ್ಲಿ 'ಲೀನ್ ಆನ್ ಮಿ' ಬಂತು, ಅದು ನಂಬರ್ 1. ಹುಟ್ಟೂರಿನಲ್ಲಿ ಅಕ್ಕಪಕ್ಕದವರು ಒಬ್ಬರಿಗೊಬ್ಬರು ನೆರವಾಗುತ್ತಿದ್ದುದನ್ನೇ ನೆನೆದು ಬರೆದದ್ದು. ಪಿಯಾನೋ ಹೊಸದಾಗಿ ಕೊಂಡಿದ್ದರು, ನುಡಿಸಲು ಸರಿಯಾಗಿ ಬರುತ್ತಿರಲಿಲ್ಲ, ಬೆರಳು ಪಕ್ಕಪಕ್ಕದ ಮಣೆಗಳ ಮೇಲೆ ಹತ್ತಿ ಇಳಿದದ್ದೇ ರಾಗವಾಯಿತು. ಆಮೇಲೆ ಸಸೆಕ್ಸ್ ಮುಳುಗಿತು. ದೊಡ್ಡ ಕಂಪನಿ ಸೇರಿದರು, ಅಲ್ಲಿನವರಿಗೂ ಇವರಿಗೂ ಸರಿಹೋಗಲಿಲ್ಲ. 1985ರ ಆಲ್ಬಮ್ಮಿನ ನಂತರ ಸಾಕು ಅಂತ ಮನೆಗೆ ಹೋದರು. ಹೋದವರು ತಿರುಗಿ ನೋಡಲೇ ಇಲ್ಲ. ಸಂಗೀತ ಇಲ್ಲದೆಯೂ ಬದುಕಿ ಗೊತ್ತಿದ್ದ ಮನುಷ್ಯ, ಹೆದರುವುದೇನು? 2015ರಲ್ಲಿ ಸಂಗೀತದ ದಿಗ್ಗಜರ ಗೌರವ ಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಗಾಯಕ ಸ್ಟೀವಿ ವಂಡರ್ ಇವರನ್ನು ಸ್ವಾಗತಿಸಿದರು. 2020ರ ಮಾರ್ಚ್‌ನಲ್ಲಿ ತೀರಿಕೊಂಡರು.

ಈಗ ಒಂದು ಬೆರಳು. ಹಾಡು ಹಾಕುತ್ತಾರಂತೆ, ಕೇಳಿ. "ಐ ನೋ" ಶುರುವಾದ ತಕ್ಷಣ ಬೆರಳಲ್ಲಿ ಎಣಿಸಿ, 26 ಸಲ ಇದೆ. ನಾನು ಪ್ರತಿ ಸಲ 19ಕ್ಕೋ 20ಕ್ಕೋ ಲೆಕ್ಕ ತಪ್ಪಿಬಿಡುತ್ತೇನೆ, 22 ವರ್ಷ ಲೆಕ್ಕಪತ್ರ ಬರೆದವನು.