ಹಲಗೆ ತೆಗೆಯುವ ಹೊತ್ತು

ಕೇಳುಗರಿಗೆಲ್ಲ ನಮಸ್ಕಾರ. ಮೀನು, ಅಣೆಕಟ್ಟು, ಕರೆಂಟು, ಈ ಮೂರರ ಬಗ್ಗೆ ಮಾತಾಡಿ ಎಂದು ಬಾನುಲಿಯವರು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು. ಮಳೆ ಬೀಳುವ ಮೊದಲು ಹಲಗೆ ತೆಗೆಯಿರಿ.

ಯಾವ ಹಲಗೆ? ನಿಮ್ಮೂರ ಹಳ್ಳದ ಕಿಂಡಿ ಅಣೆಕಟ್ಟಿನ ಹಲಗೆ. ಮಳೆಗಾಲ ಮುಗಿದ ಮೇಲೆ ಕಿಂಡಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತೇವೆ. ನೀರು ನಿಲ್ಲುತ್ತದೆ. ಬಾವಿ ಬತ್ತುವುದಿಲ್ಲ, ತೋಟ ಒಣಗುವುದಿಲ್ಲ, ಉಪ್ಪುನೀರು ಗದ್ದೆಗೆ ನುಗ್ಗುವುದಿಲ್ಲ. ಬಹಳ ಒಳ್ಳೆಯ ಕೆಲಸ. ಬೇಸಿಗೆಯಲ್ಲಿ ಅದು ಇರಲಿ. ನನ್ನ ತಕರಾರು ಜೂನ್ ಮೊದಲ ವಾರದ್ದು.

ಹತ್ತುಮೀನು ಅಂದರೆ ನಿಮಗೆ ಗೊತ್ತು, ಅಲ್ವಾ? ಮೊದಲ ಮಳೆಗೆ ಹೊಳೆ ಕೆಂಪಾದ ರಾತ್ರಿ ಮೀನು ಮೇಲಕ್ಕೆ ಹತ್ತುತ್ತದೆ. ಮುಗುಡು ಗದ್ದೆಗೆ ಹೋಗಿ ಮೊಟ್ಟೆ ಇಡುತ್ತದೆ. ಹಾವುಮೀನಿನ ಕಥೆ ಉಲ್ಟಾ. ಅದು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಹೊಳೆಯ ದೊಡ್ಡ ಸಿಗಡಿ ಮೊಟ್ಟೆ ಹೊತ್ತು ಅಳಿವೆಗೆ ಇಳಿಯುತ್ತದೆ, ಅದರ ಮರಿಗಳು ಮತ್ತೆ ಮೇಲೆ ಬರುತ್ತವೆ. ಇವುಗಳಿಗೆಲ್ಲ ದಾರಿ ಒಂದೇ. ಆ ದಾರಿಗೆ ನಾವು ಹಲಗೆ ಹಾಕಿ ಮರೆತುಬಿಡುತ್ತೇವೆ.

ಸುಮಾರು 15 ವರ್ಷದ ಹಿಂದೆ, ಕುಮಟಾ ಕಡೆಯ ಒಂದು ಹಳ್ಳ. ರಾತ್ರಿ ಹತ್ತೂವರೆಗೆ ಫೋನ್ ಬಂತು. ಪರಿಚಯದ ಹಿರಿಯ ರೈತರು. "ಮಾಸ್ತರೇ, ಮೀನು ಕಟ್ಟೆಗೆ ತಲೆ ಚಚ್ಚಿಕೊಳ್ತಾ ಇವೆ, ಬೇಗ ಬನ್ನಿ" ಅಂದರು. ಮಳೆ ಧೋ ಎಂದು ಸುರಿಯುತ್ತಿತ್ತು. ಸ್ಕೂಟರ್ ತೆಗೆದುಕೊಂಡು ಹೋದೆ. ಕಟ್ಟೆಗೆ ಐದು ಕಿಂಡಿ, ಐದಕ್ಕೂ ಹಲಗೆ ಹಾಗೇ ಇತ್ತು. ಕೆಳಗೆ ಪಟಪಟ ಸದ್ದು. ಬ್ಯಾಟರಿ ಹಾಕಿ ನೋಡಿದರೆ ನೀರಿಗಿಂತ ಮೀನೇ ಜಾಸ್ತಿ! ಹೊಟ್ಟೆ ತುಂಬ ಮೊಟ್ಟೆ ಇದ್ದ ಮುಗುಡುಗಳನ್ನು ಜನ ಬಕೆಟ್ಟಿಗೆ ತುಂಬುತ್ತಿದ್ದರು. ಪಕ್ಕದ ಗೋಡೆಯ ಪಾಚಿಯ ಮೇಲೆ ಹಿಡಿಕಡ್ಡಿಯಷ್ಟು ಸಣ್ಣ ಹಾವುಮೀನಿನ ಮರಿಗಳು ಸಾಲಾಗಿ ಹತ್ತುತ್ತಿದ್ದವು. ಅರ್ಧಕ್ಕೆ ಬಂದು ಜಾರಿ ಬೀಳುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ನನಗೆ ತಡೆಯಲಾಗಲಿಲ್ಲ.

ಹಲಗೆ ಎಳೆಯುವ ಕಬ್ಬಿಣದ ಕೊಕ್ಕೆ ಒಂದು ಕೋಣೆಯಲ್ಲಿತ್ತು. ಕೋಣೆಗೆ ಬೀಗ. ಕೀ ಇದ್ದವರು ಮದುವೆಗೆಂದು ಶಿರಸಿಗೆ ಹೋಗಿದ್ದರು. ಕೊನೆಗೆ ಆ ರೈತರು ಮನೆಯಿಂದ ಹಾರೆ, ಹಗ್ಗ ತಂದರು. ಬಕೆಟ್ ಹಿಡಿದಿದ್ದ ಹುಡುಗರೇ ಬಕೆಟ್ ಬದಿಗಿಟ್ಟು ಹಗ್ಗ ಹಿಡಿದರು. ಒಂದು ಕಿಂಡಿ ತೆರೆಯಲು ಎರಡು ತಾಸು ಹಿಡಿಯಿತು. ನೀರು ರಭಸದಿಂದ ನುಗ್ಗಿತು. ಅರ್ಧ ತಾಸು ಒಂದು ಮೀನೂ ಹತ್ತಲಿಲ್ಲ, ಆ ರಭಸಕ್ಕೆ ಎದುರು ಈಜುವುದು ಎಲ್ಲಿಂದ? ಮೇಲಿನ ನೀರು, ಕೆಳಗಿನ ನೀರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ಆಗ ಹೊರಟವು ನೋಡಿ! 200ರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಆ ಒಂದು ಕಿಂಡಿಗೆ ಯಾರೂ ಮೀನು ಹಿಡಿಯುವ ಕೂಳಿ ಇಡಲಿಲ್ಲ. ಸೆಪ್ಟೆಂಬರಿನಲ್ಲಿ ಅವರದೇ ಮತ್ತೆ ಫೋನ್. "ಗದ್ದೆ ತುಂಬ ಮುಗುಡು ಮರಿ, ಮಾಸ್ತರೇ."

ಹತ್ತು ದಿನ ಮೊದಲು ತೆಗೆದಿದ್ದರೆ ಅರ್ಧ ಗಂಟೆಯ ಕೆಲಸ. ಮೇ ಕೊನೆಗೆ ತೋಟಕ್ಕೆ ಇನ್ನೂ ನೀರು ಬೇಕು ಎನ್ನುತ್ತೀರಾ? ಸರಿ, ನಾಲ್ಕು ಕಿಂಡಿ ಹಾಗೇ ಇರಲಿ, ಒಂದನ್ನು ತೆರೆಯಿರಿ. ಆದರೆ ಬುಡದವರೆಗೆ ತೆರೆಯಿರಿ. ಮೇಲಿನ ಒಂದು ಹಲಗೆ ತೆಗೆದರೆ ಸಾಲದು, ಮುಗುಡು ಜಿಗಿಯುವ ಮೀನಲ್ಲ.

ಈಗ ದೊಡ್ಡ ಅಣೆಕಟ್ಟು. ಸಮಯ ಜಾಸ್ತಿ ಇಲ್ಲ, ಬೇಗ ಹೇಳುತ್ತೇನೆ. ನಮ್ಮ ಕಾಳಿ 184 ಕಿಲೋಮೀಟರ್ ಹೊಳೆ. ಅದಕ್ಕೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ನಾಲ್ಕು ಗೋಡೆ. ಮೀನಿಗೆ ಏಣಿ ಕಟ್ಟಿ, ಅಂದರೆ ಗೋಡೆ ದಾಟಲು ಮೆಟ್ಟಿಲು ಮೆಟ್ಟಿಲಾಗಿ ನೀರು ಹರಿಸಿ ಎನ್ನುವವರಿದ್ದಾರೆ. ಸೂಪಾ 101 ಮೀಟರ್ ಎತ್ತರ ಇದೆ! ಏಣಿ ಹೆಸರು ಮಾಡಿದ್ದು ಪರದೇಶದ ಸಾಲ್ಮನ್ ಮೀನಿನಿಂದ, ಅದು ಜಿಗಿಯುತ್ತದೆ. ಇಲ್ಲಿ ಆ ಮಾತು ಬಿಡಿ.

ಕದ್ರಾದಿಂದ ಕೆಳಗೆ, ಸಮುದ್ರದ ಹತ್ತಿರದ ಸದಾಶಿವಗಡದವರೆಗಿನ ಹೊಳೆ ನಮ್ಮ ಕೈಯಲ್ಲಿದೆ. ಕದ್ರಾದಲ್ಲಿ 50 ಮೆಗಾವ್ಯಾಟಿನ ಮೂರು ಯಂತ್ರ ಇವೆ. ಯಂತ್ರ ತಿರುಗಿದಾಗ ಹೊಳೆ ಏರುತ್ತದೆ, ನಿಂತಾಗ ಇಳಿಯುತ್ತದೆ. ನೀರು ಏರಿದಾಗ ದಂಡೆಯ ಕಲ್ಲಿಗೆ ಇಟ್ಟ ಮೊಟ್ಟೆ, ಇಳಿದಾಗ ಬಿಸಿಲಿಗೆ ಒಣಗುತ್ತದೆ. ಕರೆಂಟು ಬೇಕು, ಕೈಗಾ ಅಣುಸ್ಥಾವರಕ್ಕೂ ಕದ್ರಾದ ನೀರು ಬೇಕು, ಒಪ್ಪಿದೆ. ಆದರೆ ಮೂರೂ ಯಂತ್ರಗಳನ್ನು ಒಟ್ಟಿಗೆ ನಿಲ್ಲಿಸಬೇಡಿ. ಒಂದು ನಡೆಯುತ್ತಿರಲಿ, ಉಳಿದವನ್ನು ನಿಧಾನಕ್ಕೆ ಇಳಿಸಿ. ಇದೂ ಹಲಗೆಯ ಮಾತೇ, ಹೊತ್ತು ನೋಡಿ ತೆರೆಯುವ ಮಾತು.

ಹಾವುಮೀನಿಗೆ ಇನ್ನೊಂದು ದಾರಿ ಇದೆ. ನ್ಯೂಜಿಲೆಂಡಿನ ವೈಕಾಟೊ ನದಿಯಲ್ಲಿ ಕರಾಪಿರೊ ಅಣೆಕಟ್ಟಿನ ಬುಡದಲ್ಲಿ ಮರಿಗಳನ್ನು ಹಿಡಿದು, ಗಾಡಿಯಲ್ಲಿ ಸಾಗಿಸಿ, ಮೇಲಿನ ನೀರಿಗೆ ಬಿಡುತ್ತಾರೆ. ಕದ್ರಾದ ಬುಡದಲ್ಲೂ ಮಾಡಬಹುದು. ನಾಲ್ಕು ಜನ, ಒಂದು ಜೀಪು ಸಾಕು.

ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟೇ ಇಲ್ಲ, ಅದರ ಹಳ್ಳಗಳ ಕಿಂಡಿ ಮಾತ್ರ ನಿಮ್ಮ ಕೈಯಲ್ಲಿದೆ. ನಿಮ್ಮೂರ ಕೊಕ್ಕೆ ಯಾವ ಕೋಣೆಯಲ್ಲಿದೆ, ಕೀ ಯಾರ ಹತ್ತಿರ ಇದೆ, ನಾಳೆ ಬೆಳಿಗ್ಗೆಯೇ ಕೇಳಿಕೊಂಡು ಬನ್ನಿ. ನಮಸ್ಕಾರ.