ಐದು ಪೌಂಡಿನ ಅಕ್ಷರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬೀಟಲ್ಸ್ ತಂಡದ ಹಾಡುಗಳನ್ನು ಕುರಿತು ಬೇಕಾದಷ್ಟು ಮಾತುಗಳು ಆಗಿವೆ. ನಾನಿಂದು ಹೇಳಹೊರಟಿರುವುದು ಅವರ ಹೆಸರಿನ ಕಥೆ, ಆ ಹೆಸರನ್ನು ಡ್ರಮ್ಮಿನ ಮೇಲೆ ಬರೆದ ಕೈಯ ಕಥೆ.

1960ರಲ್ಲಿ ಲಿವರ್‌ಪೂಲಿನ ಜಾನ್ ಲೆನನ್ ಮತ್ತು ಸ್ಟುವರ್ಟ್ ಸಟ್‌ಕ್ಲಿಫ್ ತಮ್ಮ ತಂಡಕ್ಕೆ ಹೆಸರು ಹುಡುಕುತ್ತಿದ್ದರು. ಅವರು ಮೆಚ್ಚಿದ ಅಮೆರಿಕದ ಬಡ್ಡಿ ಹಾಲಿಯವರ ತಂಡಕ್ಕೆ ಜೀರುಂಡೆಯ ಹೆಸರಿತ್ತು. ಇವರೂ ಒಂದು ಹುಳುವನ್ನೇ ಆರಿಸಿದರು. ಆ ಹುಳುವಿನ ‘ಬೀಟಲ್’ (beetle) ಎಂಬ ಇಂಗ್ಲಿಷ್ ಹೆಸರಿನಲ್ಲಿ ಒಂದು ‘ಇ’ ತೆಗೆದು ‘ಎ’ ಕೂರಿಸಿದಾಗ, ಅದರೊಳಗೆ ತಾಳ ಎಂಬ ಅರ್ಥದ ‘ಬೀಟ್’ ಎದ್ದು ಕಂಡಿತು. ಕೇಳಿದರೆ ಹರಿದಾಡುವ ಹುಳು, ಓದಿದರೆ ಬೀಟ್ ಸಂಗೀತ ಎಂದು ಲೆನನ್ ಮುಂದೆ ವಿವರಿಸಿದರು. ಕಿವಿಗೆ ಸಿಕ್ಕದೆ ಕಣ್ಣಿಗಷ್ಟೇ ಒಲಿಯುವ ಶ್ಲೇಷೆ ಅದು.

ಮೊದಮೊದಲು ಯಾರಿಗೂ ಅದು ಹಿಡಿಸಲಿಲ್ಲ. ಕೆಲಕಾಲ ಹೆಸರಿನ ಮುಂದೆ ‘ಸಿಲ್ವರ್’ ಸೇರಿತು, ಆಗಸ್ಟಿನಲ್ಲಿ ಹ್ಯಾಂಬರ್ಗಿಗೆ ಹೊರಡುವ ಹೊತ್ತಿಗೆ ಕಳಚಿಬಿತ್ತು. ಅಲ್ಲಿನ ಜರ್ಮನ್ನರಿಗೆ ಆ ಹೆಸರು ಹುಡುಗರು ಕಿಸಕ್ಕನೆ ನಗುವ ಒಂದು ಪೋಲಿ ಮಾತಿನಂತೆ ಕೇಳಿಸಿತು. ಹೆಸರು ಎಲ್ಲಿಂದ ಬಂತೆಂದು ಊರಿನವರು ಕೇಳುತ್ತಲೇ ಇದ್ದರು. 1961ರಲ್ಲಿ ಲೆನನ್ ‘ಮರ್ಸಿ ಬೀಟ್’ ಪತ್ರಿಕೆಯಲ್ಲಿ ಉತ್ತರ ಬರೆದರು: ಉರಿಯುವ ಪೈ ತಿನಿಸಿನ ಮೇಲೆ ಬಂದವನೊಬ್ಬ ‘ಎ’ ಅಕ್ಷರದ ಬೀಟಲ್ಸ್ ಆಗಿರೆಂದು ಅಪ್ಪಣೆ ಕೊಟ್ಟನಂತೆ!

ಲಾಂಛನ ಹುಟ್ಟಿದ್ದು 1963ರಲ್ಲಿ, ಲಂಡನ್ನಿನ ಡ್ರಮ್ ಸಿಟಿ ಅಂಗಡಿಯಲ್ಲಿ. ತಂಡದ ಡ್ರಮ್ ವಾದಕ ರಿಂಗೋ ಸ್ಟಾರ್ ಲುಡ್ವಿಗ್ ಕಂಪನಿಯ ಡ್ರಮ್ಮುಗಳನ್ನು ಬಯಸಿದ್ದರು. ಡ್ರಮ್ಮಿನ ಮೇಲೆ ತಂಡದ ಹೆಸರೂ ಇರಲೆಂದರು ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೀನ್. ಅಂಗಡಿಯ ಮಾಲೀಕ ಐವರ್ ಆರ್ಬಿಟರ್ ನಿಂತಲ್ಲೇ ಗೀಚಿ ತೋರಿಸಿದರು: ‘ಬಿ’ ದೊಡ್ಡದು, ‘ಟಿ’ಯ ಕಾಲು ಸಾಲಿನಿಂದ ಕೆಳಕ್ಕಿಳಿದದ್ದು. ಆ ಕಾಲಿನಿಂದಾಗಿ ‘ಬೀಟ್’ ಬೇರೆಯಾಗಿ ಕಾಣುತ್ತದೆ. ಲೆನನ್ ಅಡಗಿಸಿಟ್ಟ ಅರ್ಥವನ್ನು ಒಬ್ಬ ವ್ಯಾಪಾರಿ ಒಂದೇ ಗೆರೆಯಲ್ಲಿ ಬಿಡಿಸಿಟ್ಟ ಚಾತುರ್ಯಕ್ಕೆ ನಾನು ಮನಸೋತಿದ್ದೇನೆ. ಫಲಕ ಬರೆಯುವ ಎಡ್ಡಿ ಸ್ಟೋಕ್ಸ್ ಅದಕ್ಕೆ ಬಣ್ಣ ತುಂಬಿದರು. ಅಂಗಡಿಗೆ ಸಂದದ್ದು ಐದು ಪೌಂಡ್.

1964ರ ಫೆಬ್ರವರಿ 9ರಂದು ಟಿವಿಯ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಸುಮಾರು 7.3 ಕೋಟಿ ಅಮೆರಿಕನ್ನರು ಆ ಅಕ್ಷರಗಳನ್ನು ಕಂಡರು. ಅಲ್ಲಿನ ಪತ್ರಿಕೆಗಳು ಹುಳುಗಳ ನಗೆಮಾತಿನಲ್ಲಿ ಮುಳುಗಿದವು. ಬರ್ಡ್ಸ್, ಮಂಕೀಸ್ ತಂಡಗಳೂ ಪ್ರಾಣಿಗಳ ಹೆಸರನ್ನೇ ಬೇಕೆಂದು ತಪ್ಪು ಕಾಗುಣಿತದಲ್ಲಿ ಇಟ್ಟುಕೊಂಡವು. ಹಾಡುಗಳು ಬೆಳೆದಂತೆ ಶ್ಲೇಷೆ ಮಾಸಿತು. ಇಂದು ಬೀಟಲ್ಸ್ ಎಂದರೆ ಯಾರಿಗೂ ಹುಳು ನೆನಪಾಗುವುದಿಲ್ಲ.

ಲಾಂಛನದ್ದು ಇದಕ್ಕೆ ತದ್ವಿರುದ್ಧ. ಅರವತ್ತರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಂದ ಅವರ ಯಾವ ಆಲ್ಬಮ್ಮಿನ ಹೊದಿಕೆಯ ಮೇಲೂ ಅದು ಇರಲಿಲ್ಲ. ತಂಡ ಒಡೆದು ಎಷ್ಟೋ ವರ್ಷಗಳಾದ ಮೇಲೆ, 1990ರ ದಶಕದಲ್ಲಿ, ಬೀಟಲ್ಸ್ ತಂಡದವರೇ ಕಟ್ಟಿದ್ದ ಆಪಲ್ ಕೋರ್ ಸಂಸ್ಥೆ ಅದನ್ನು ವಾಣಿಜ್ಯ ಮುದ್ರೆಯಾಗಿ ನೋಂದಾಯಿಸಿತು. ಸಲಿವನ್ ಕಾರ್ಯಕ್ರಮದಲ್ಲಿ ಕಂಡ ಆ ಡ್ರಮ್ಮಿನ ಮುಖ 2015ರ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ತಂಡದ ಚರಿತ್ರೆ ಹೇಳುವವರು ಸ್ಟೋಕ್ಸ್ ಅವರ ಹೆಸರನ್ನೂ ಬಿಡದೆ ಹೇಳಬೇಕೆಂಬುದು ನನ್ನ ಆಸೆ.

ನಮಸ್ಕಾರ.