ಬೀಗರೂಟ ಇಳಿಯೋದಕ್ಕೆ ಯಾಕಿಷ್ಟು ಹೊತ್ತು?

ಕೇಳುಗರೆಲ್ಲರಿಗೂ ನಮಸ್ಕಾರ. ಮಂಡ್ಯದ ಕಡೆ ಬೀಗರೂಟ ಉಂಡು ಬಂದವರನ್ನು ರಾತ್ರಿ ಊಟಕ್ಕೆ ಕರೆದು ನೋಡಿ. "ಬ್ಯಾಡ ಕಣವ್ವ, ಮಧ್ಯಾಹ್ನದ್ದೇ ಇನ್ನೂ ಇಳಿದಿಲ್ಲ" ಅಂತಾರೆ. ಮಾತು ನಿಜವೇ. ಮಾಂಸದ ಕೊಬ್ಬು ಸಣ್ಣ ಕರುಳಿಗೆ ತಾಗುತ್ತಲೇ ಅಲ್ಲಿನ ಜೀವಕೋಶಗಳು ಕೊಲಿಸಿಸ್ಟೊಕೈನಿನ್ ಎಂಬ ಪೆಪ್ಟೈಡನ್ನು ಬಿಡುತ್ತವೆ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅದರ ಸುದ್ದಿ ಮಿದುಳಿಗೂ ಹೊಟ್ಟೆಗೂ ನಂಟು ಬೆಸೆಯುವ ವೇಗಸ್ ನರಕ್ಕೆ ಮುಟ್ಟಿದೊಡನೆ ಜಠರ ಸಡಿಲವಾಗುತ್ತದೆ, ಅದರ ಕೆಳಬಾಯಿ ನಾಲೆಯ ತೂಬು ಇಳಿಸಿದಂತೆ ಬಿಗಿಯುತ್ತದೆ. ಅತ್ತ ಪಿತ್ತಕೋಶ ಹಿಂಡಿ ಪಿತ್ತರಸ ಸುರಿಸುತ್ತದೆ. ಕೊಬ್ಬು ಅರಗಲು ಬೇಕಾದ ಸಮಯವನ್ನು ಕರುಳೇ ಹೀಗೆ ಕೇಳಿ ಪಡೆಯುತ್ತದೆ.

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. 1899ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್, ಹೊರಗಿನ ನರಗಳನ್ನು ಕತ್ತರಿಸಿದ ಮೇಲೂ ನಾಯಿಯ ಕರುಳು ತುತ್ತಿನ ಹಿಂದೆ ಬಿಗಿದು ಮುಂದೆ ಸಡಿಲವಾಗುವುದನ್ನು ತೋರಿಸಿದರು. ಮಿದುಳಿನ ಅಪ್ಪಣೆಗೂ ಕಾಯದ ಈ ಚಲನೆ ನನಗೆ ಇವತ್ತಿಗೂ ಸೋಜಿಗ. ಹಿಂದಿನ ಬಿಗಿತಕ್ಕೆ ನರಗಳು ಬಿಡುವ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕದ ಜೊತೆ ದುಡಿಯುವ ನ್ಯೂರೋಪೆಪ್ಟೈಡ್, ಅಂದರೆ ನರಕೋಶಗಳು ಬಿಡುವ ಪೆಪ್ಟೈಡ್, 1931ರಲ್ಲಿ ಪತ್ತೆಯಾದ ಸಬ್‌ಸ್ಟೆನ್ಸ್ ಪಿ. ಮುಂದಿನ ಸಡಿಲಿಕೆಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಜೊತೆ ನೆರವಾಗುವುದು ವಿಐಪಿ, ಅಂದರೆ ವ್ಯಾಸೋಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್. ಇದನ್ನು 1970ರಲ್ಲಿ ಹಂದಿಯ ಕರುಳಿನಿಂದ ಬೇರ್ಪಡಿಸಿದರು.

ಹಸಿದಾಗ ಹೊಟ್ಟೆ ಗುರುಗುಟ್ಟುತ್ತದಲ್ಲ, ಅದರಲ್ಲಿ ಮೋಟಿಲಿನ್ ಎಂಬ ಪೆಪ್ಟೈಡಿನ ಕೈವಾಡ ಇದೆ. ಸುಮಾರು ಒಂದೂವರೆ ಗಂಟೆಗೊಮ್ಮೆ ಜಠರದಿಂದ ಅಲೆ ಎದ್ದು ಉಳಿದ ಚೂರುಪಾರನ್ನೆಲ್ಲ ಕೆಳಕ್ಕೆ ಗುಡಿಸುತ್ತದೆ. ಏನಾದರೂ ತಿಂದರೆ ಆ ಅಲೆ ನಿಂತುಹೋಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. 1975ರಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಎಂಬ ವಿಜ್ಞಾನಿಗಳು ಎನ್‌ಕೆಫಲಿನ್‌ಗಳನ್ನು ಗುರುತಿಸಿದರು. ನಮ್ಮ ದೇಹವೇ ತಯಾರಿಸುವ ಅಫೀಮಿನಂಥ ಪೆಪ್ಟೈಡ್‌ಗಳು ಇವು. ಕರುಳಿನಲ್ಲಿ ಇವು ನರಗಳನ್ನು ತಣ್ಣಗಾಗಿಸಿ, ಆಹಾರ ಮುಂದಕ್ಕೆ ಸಾಗುವುದನ್ನು ನಿಧಾನಿಸುತ್ತವೆ. ಇವು ಹಿಡಿದುಕೊಳ್ಳುವುದು ಜೀವಕೋಶದ ಮೇಲಿನ ಗ್ರಾಹಕಗಳನ್ನು, ಅಂದರೆ ರಿಸೆಪ್ಟರ್‌ಗಳನ್ನು. ಅಫೀಮಿನಿಂದ ಬರುವ ನೋವಿನ ಮದ್ದು ಮಾರ್ಫಿನ್ ಹಿಡಿಯುವುದೂ ಅದೇ ಗ್ರಾಹಕಗಳನ್ನೇ. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆ ಕಾಡುವುದು ಇದರಿಂದಲೇ. ದಿನ ಕಳೆದಂತೆ ತೂಕಡಿಕೆ ಕಡಿಮೆಯಾದೀತು, ಇದು ಮಾತ್ರ ಸಾಮಾನ್ಯವಾಗಿ ತಾನಾಗಿ ಹೋಗದು. ಬಾಳೆಹಣ್ಣು, ಬಿಸಿನೀರು ಸಾಲುವುದಿಲ್ಲ. ಮನೆಯಲ್ಲಿ ಅಂಥವರಿದ್ದರೆ ನೋವಿನ ಮದ್ದು ಬರೆಸುವ ದಿನವೇ ಮಲ ಸಲೀಸಾಗಿ ಹೋಗುವ ಮದ್ದನ್ನೂ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ. ಹಿರಿಯರು ನಾಚಿಕೆಯಿಂದ ಬಾಯಿಬಿಡುವುದಿಲ್ಲ, ನೀವೇ ಕೇಳಿ. ನಮಸ್ಕಾರ.